ಮೇಣ ಬಿಟ್ಟ ವೀಣೆ

ಓರೆಬ್ರೂ
೨೨ ನವೆಂಬರ್ ೨೦೧೫

ಪ್ರೀತಿಯ ಅಮ್ಮ,

ನಿನಗೆ ನಮಸ್ಕಾರ. ಫೋನಿನಲ್ಲಿ ಹೇಳಹೊರಟರೆ ಮಾತನ್ನು ಬೇರೆಲ್ಲಿಗೋ ತಿರುಗಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಳಿಯ ಸುಹಾಸ್ ಅವರ ಕೆಲಸ ಹೋಗಿದೆ. ಮೂರು ತಿಂಗಳೊಳಗೆ ಇನ್ನೊಂದು ಸಿಗದಿದ್ದರೆ ನಾವು ಈ ದೇಶ ಬಿಡಬೇಕು. ನನ್ನ ವೀಣೆಯಿಂದ ಇಲ್ಲಿರಲು ಬೇಕಾದ ಪರ್ಮಿಟ್ ಉಳಿಯುವುದಿಲ್ಲ, ಗೊತ್ತು. ಮನೆ ಬಾಡಿಗೆಗಾದರೂ ಆಗಲಿ ಎಂದು ನುಡಿಸುವ ಕೆಲಸ ಹುಡುಕಿದೆ.

ಇಲ್ಲಿನ ನಗರಸಭೆ, ಅಂದರೆ ಕೊಮ್ಯೂನ್‌ನಲ್ಲಿ ಸಂಗೀತ ಕಾರ್ಯಕ್ರಮ ನೋಡಿಕೊಳ್ಳುವ ಗುನಿಲ್ಲಾ ಎಂಬಾಕೆ ಮೊದಲು ಕೇಳಿದ್ದೇ ಮೈಕು, ಸ್ಪೀಕರ್ ಎಲ್ಲ ಇದೆಯಾ ಅಂತ. ಇಲ್ಲದಿದ್ದರೂ ಇದೆ ಅಂದುಬಿಟ್ಟೆ. ಮನೆಗೆ ಬಂದು ವೀಣೆ ತೆಗೆದರೆ, ಈ ಚಳಿಗೂ ಹೀಟರಿನ ಒಣ ಗಾಳಿಗೂ ತಂತಿಯ ಕೆಳಗಿನ ಮೆಟ್ಟಿಲುಗಳನ್ನು ಹಿಡಿದಿಡುವ ಮೇಣ ಬಿರುಕು ಬಿಟ್ಟು ಅವು ಕೈಗೇ ಬಂದವು. ಕೊನೆಗೆ ಸೋಡರ್‌ಟೆಲ್ಯೆ ಊರಿನಲ್ಲಿ ವೀಣೆ ನುಡಿಸುವ ಹಯವದನ ಎಂಬವರ ಎಲೆಕ್ಟ್ರಾನಿಕ್ ವೀಣೆ, ಸ್ಪೀಕರ್ ಎರವಲು ತಂದು ಗುನಿಲ್ಲಾ ಮುಂದೆ ನುಡಿಸಿದೆ.

ಆಕೆ ಮೆಚ್ಚಿದರು, ಆದರೆ ಇದು ಬೇಡವೆಂದು ತಲೆಯಾಡಿಸಿದರು. ಕೆಲಸ ಇರುವುದು ವೃದ್ಧಾಶ್ರಮಗಳಲ್ಲಂತೆ. ಅಲ್ಲಿ ಕಿವಿಗೆ ಯಂತ್ರ ಹಾಕಿಕೊಂಡವರೇ ಹೆಚ್ಚು, ಸ್ಪೀಕರ್ ಸದ್ದು ಅವರಿಗೆ ಚುಚ್ಚುತ್ತದಂತೆ. ಮೊದಲು ಸ್ಪೀಕರ್ ಬಗ್ಗೆ ಕೇಳಿದ್ದೂ ಅದಕ್ಕೇ ಅಂತೆ. “ನಿಮ್ಮ ಫೋಟೋದಲ್ಲಿ ಮರದ ವೀಣೆ ಇತ್ತಲ್ಲ, ಶುಕ್ರವಾರ ಅದನ್ನ ತರ್ತೀರಾ?” ಎಂದರು. ಇಲ್ಲದಿದ್ದರೆ ಅಕಾರ್ಡಿಯನ್ ನುಡಿಸುವವರೊಬ್ಬರನ್ನು ಕರೆಯುವುದಾಗಿಯೂ ಹೇಳಿದರು. ತರ್ತೀನಿ ಅಂದೆ.

ನೀನು ಮೇಣ ಕಾಯಿಸಿ ಮೆಟ್ಟಿಲು ಕೂರಿಸುತ್ತಿದ್ದುದನ್ನು ನೆನೆಯುತ್ತ ಕೂತೆ. ಮೇಣ ಮೆದುವಾಗಲೆಂದು ಸುಹಾಸ್ ಹೇರ್ ಡ್ರೈಯರ್ ಹಿಡಿದರು, ನಾನು ಒಂದೊಂದನ್ನೇ ಒತ್ತಿದೆ. ಸ್ವರ ತಪ್ಪಿದರೆ ಮತ್ತೆ ಕಿತ್ತೆ. ತಾರಸ್ಥಾಯಿಯ ಮೆಟ್ಟಿಲು ಮಾತ್ರ ಎಷ್ಟು ಮಾಡಿದರೂ ನಿಲ್ಲಲಿಲ್ಲ.

ಶುಕ್ರವಾರ ವೃದ್ಧಾಶ್ರಮಕ್ಕೆ ಹಾಗೇ ಹೋದೆ. ಕೈ ಮೇಲೇರದಂತೆ ಹೆದರಿ ಹೆದರಿ, ಕೆಳಗಿನ ಸ್ಥಾಯಿಗಳಲ್ಲೇ ಕಲ್ಯಾಣಿ ನುಡಿಸಿದೆ. ನಿನ್ನೆದುರು ಹಾಗೆ ನುಡಿಸಿದ್ದರೆ ನೀನು ನಿಲ್ಲಿಸು ಎನ್ನುತ್ತಿದ್ದೆ. ಒಬ್ಬ ಅಜ್ಜ ಕುರ್ಚಿ ಎಳೆದುಕೊಂಡು ಬಂದು, ವೀಣೆಯ ಕೊಡದ ಮೇಲೆ ಅಂಗೈ ಇಟ್ಟು ಮುಗಿಯುವವರೆಗೂ ಕೂತಿದ್ದರು. ಅವರಿಗೆ ಏನೂ ಕೇಳಿಸುವುದಿಲ್ಲವೆಂದು ನರ್ಸ್ ಆಮೇಲೆ ಹೇಳಿದಳು. ಗುನಿಲ್ಲಾ ವಸಂತದವರೆಗೆ ಪ್ರತಿ ಶುಕ್ರವಾರ ಬರಲು ಹೇಳಿದ್ದಾರೆ.

ಸಂತೋಷಪಡಬೇಕು ನಾನು. ಆದರೆ ವಸಂತಕ್ಕೆ ನಾವು ಇಲ್ಲಿರುತ್ತೇವೆಯೇ ಎಂಬುದೇ ಗೊತ್ತಿಲ್ಲ. ಗೋಡೆಯ ಪೈಪು ಟಿಕ್ ಅಂದರೂ ಮೆಟ್ಟಿಲು ಬಿತ್ತೆಂದು ಓಡುತ್ತೇನೆ. ಈ ಚಳಿಗೆ ತಡೆಯುವ ಮೇಣ ಹೇಗೆ ಮಾಡುವುದು, ಬರೆದು ಕಳಿಸು.

ನಿನ್ನ
ವರ್ಷಾ

ಮರೆತ ಮಾತು: ಮಡಿಸುವ ಮೊದಲು ಕಾಗದವನ್ನು ಸುಹಾಸ್‌ಗೆ ಓದಲು ಕೊಟ್ಟೆ. ಕೆಲಸ ಹೋದ ಸಾಲನ್ನು ಹೊಡೆದುಹಾಕು ಎನ್ನುತ್ತಾರೆಂದುಕೊಂಡಿದ್ದೆ. ತಮ್ಮ ಮನೆಗೆ ಈ ಸುದ್ದಿ ಇನ್ನೂ ತಿಳಿಸದ ಅವರು ಕಾಗದವನ್ನು ನನ್ನ ಕೈಗೆ ಕೊಡುತ್ತ, “ನಮ್ಮಪ್ಪನಿಗೂ ಹೀಗೇ ಬರೆದುಕೊಡ್ತೀಯಾ?” ಎಂದರು.