ಡಿಸೆಂಬರ್‌ಗೆ ಕಾಯದ ಸೋದರತ್ತೆ

ಸೆಪ್ಟೆಂಬರ್ 4, ಬೆಳಿಗ್ಗೆ

ಮಾರ್ಫಿನ್ ಕುಡಿದೆ. ಹಸಿರು ಬಣ್ಣ, ಮಕ್ಕಳ ಶರಬತ್ತಿನ ಹಾಗೆ ಕಾಣುತ್ತದೆ. ಬಾಯಿಗಿಟ್ಟರೆ ಕಹಿ. ವಾಕರ್ ಹಿಡಿದು ಕಿಟಕಿಯವರೆಗೆ ಹೋಗಿ ಬಂದೆ. ಬಲಗಾಲನ್ನು ಎಳೆಯಬೇಕಾಯಿತು. ಎದೆಯಲ್ಲಿ ಶುರುವಾದ ಕ್ಯಾನ್ಸರ್ ಈಗ ಬೆನ್ನುಮೂಳೆಯಲ್ಲಿ ಠಿಕಾಣಿ ಹೂಡಿದೆ.

ಚರ್ಚಿನ ಹೆಂಗಸರು ಬಂದಿದ್ದರು. ಹೋಗುವಾಗ ಪ್ರತಿಯೊಬ್ಬಳೂ "ಪಾಸಿಟಿವ್ ಆಗಿರಿ" ಅಂದಳು. ಆಗಿಯೇ ಇದ್ದೇನಲ್ಲ! ಡಿಸೆಂಬರ್‌ನಲ್ಲಿ ನಬ್ಬೋಸಳ ಮದುವೆ ಶಾಸ್ತ್ರ. ಅಣ್ಣ ಮುಟ್ಯಾಬನ ಮಗಳು, ತಾಯಿ ಹೋದ ಮೇಲೆ ನಾನೇ ಬೆಳೆಸಿದವಳು. ಗಂಡಿನ ಕಡೆಯವರು ಬಿಳಿ ನಿಲುವಂಗಿ ತೊಟ್ಟು ಸಾಲಾಗಿ ಕೂತಿರುತ್ತಾರೆ. ಅಷ್ಟು ಗಂಡಸರ ನಡುವೆ ವರನನ್ನು ಹುಡುಕಿ ಎಬ್ಬಿಸಿ ತರಬೇಕಾದವಳು ಸೋದರತ್ತೆ. ಅಂದರೆ ನಾನು. ಅದೊಂದು ಆಗಿಬಿಡಲಿ.

ಸೆಪ್ಟೆಂಬರ್ 9

ನರ್ಸ್ ಅಪಿಯೋ ಪಾದಕ್ಕೆ ಚುಚ್ಚಿ ನೋಡಿದಳು. "ಗೊತ್ತಾಗ್ತಿದ್ಯಾ ಅಮ್ಮ?"

"ಚುಚ್ಚು, ಹೇಳ್ತೀನಿ."

"ಆಗ್ಲೇ ಚುಚ್ಚಿದೆ."

ಕೇಳಿಯೇಬಿಟ್ಟೆ. ಡಿಸೆಂಬರ್‌ವರೆಗೆ? ಅವಳು ಬ್ಯಾಗಿನ ಜಿಪ್ ಎಳೆಯುತ್ತಾ ಕೂತಳು. "ಮಾಡೋದು ಏನಾದ್ರೂ ಇದ್ರೆ ಬೇಗ ಮಾಡ್ಕೊಳ್ಳಿ. ಕೂತ್ಕೊಳ್ಳೋಕಾಗೋವಾಗ್ಲೇ."

ಒಳ್ಳೆ ಹುಡುಗಿ, ಸುಳ್ಳು ಹೇಳಲಿಲ್ಲ. ಅವಳು ಹೋದ ಮೇಲೆ ಭಯವಾಯಿತು. ತುಂಬಾ.

ಸೆಪ್ಟೆಂಬರ್ 10

ಅಣ್ಣನಿಗೆ ಹೇಗೆ ಹೇಳುವುದು? ಶಾಸ್ತ್ರ ಬೇಗ ಮುಗಿಸಿ ಅಂದರೆ ನಾನು ಸಾಯುತ್ತೇನೆ ಅಂದ ಹಾಗೆ. ನಮ್ಮಲ್ಲಿ ಕಾಯಿಲೆಯವರ ಮುಂದೆ ಯಾರೂ ಆ ಮಾತೆತ್ತುವುದಿಲ್ಲ. ಎತ್ತಿದವನೇ ಸಾವನ್ನು ಮನೆಗೆ ಕರೆದ ಹಾಗೆ. ಅದಕ್ಕೇ ಎಲ್ಲರೂ ಡಿಸೆಂಬರ್, ಡಿಸೆಂಬರ್ ಅಂತ ಜಪ ಮಾಡುತ್ತಾರೆ. ಜೊತೆಗೆ ನಾನೂ...

ಸೆಪ್ಟೆಂಬರ್ 13

ಹೇಳಿದೆ. ಅಣ್ಣ, ನಬ್ಬೋಸ ಇಲ್ಲಿಗೇ ಬಂದು ಊಟಕ್ಕೆ ಕೂತಿದ್ದರು, ಬಾಳೆ ಎಲೆ ಬಿಚ್ಚಿ ಬೆಂದ ಬಾಳೆಕಾಯಿಯ ಮಟೋಕೆ ಇನ್ನೂ ಬಡಿಸಿರಲಿಲ್ಲ. ಅಣ್ಣನ ಮುಖ ಕಪ್ಪಿಟ್ಟಿತು.

"ಬಾಯಿಗೆ ಬಂದಿದ್ದು ಮಾತಾಡ್ಬೇಡ."

"ಬಾಯಿಗೆ ಬಂದಿದ್ದಲ್ಲ, ಬೆನ್ನಿಗೆ ಬಂದಿದ್ದು. ಡಿಸೆಂಬರ್‌ಗೆ ನಾನು ಕೂತ್ಕೊಳ್ಳೋಕಾಗಲ್ಲ."

"ಆಗ್ದಿದ್ರೆ ನಕಿಂಟು ಇದಾಳೆ. ಅವಳೂ ಅತ್ತೇನೇ."

ನಕಿಂಟು ನಮ್ಮ ಕೊನೆಯ ತಂಗಿ. ವರ ಲುಬೋವನನ್ನು ಒಂದೇ ಒಂದು ಸಲ ನೋಡಿದ್ದಾಳೆ, ಅದೂ ಬೆನ್ನ ಕಡೆಯಿಂದ. "ಅವಳು ಡ್ರೈವರನ್ನ ಎಬ್ಬಿಸ್ಕೊಂಡು ಬರ್ತಾಳೆ ಅಷ್ಟೆ" ಅಂದೆ. ಯಾರೂ ನಗಲಿಲ್ಲ.

ನಬ್ಬೋಸ ಅತ್ತಳು. "ಸೆಂಗಾ, ನೀವೇ ಕೈಚೆಲ್ಲಿದ್ರೆ ಹೇಗೆ?" ಸೋದರತ್ತೆಯನ್ನು ಕರೆಯುವ ಆ ಪದ ಅವಳ ಬಾಯಲ್ಲಿ ಇನ್ನೂ ಮಗುವಿನ ಹಾಗೆ ಕೇಳುತ್ತದೆ.

"ಕೈಚೆಲ್ಲಿದ್ರೆ ಸುಮ್ನೆ ಮಲ್ಕೋತಿದ್ದೆ ಕಣೇ. ನಿನ್ನ ಶಾಸ್ತ್ರ ಮಾಡಿಸ್ತೀನಿ ಅಂತಿದೀನಿ."

ಅಣ್ಣ ಉಣ್ಣದೆ ಎದ್ದುಹೋದ.

ಸೆಪ್ಟೆಂಬರ್ 15

ಯಾರೂ ಬರಲಿಲ್ಲ. ಫೋನೂ ಇಲ್ಲ. ತಪ್ಪು ಮಾಡಿದೆನಾ?

ಸೆಪ್ಟೆಂಬರ್ 17

ಎಡಗಾಲೂ ಹೋಯಿತು. ಬೆಳಿಗ್ಗೆ ಎದ್ದು ನಿಲ್ಲಲು ಹೋದೆ, ನೆಲದ ಮೇಲಿದ್ದೆ. ನಗುವವಳು ಅಂತ ಹೆಸರು ನನಗೆ. ಅತ್ತುಬಿಟ್ಟೆ.

ಸಂಜೆ ಅಣ್ಣ ಬಂದ. ಅಪಿಯೋ ತಂದಿಟ್ಟ ಗಾಲಿಕುರ್ಚಿ ನೋಡಿದ, ಮೂಲೆಯಲ್ಲಿದ್ದ ವಾಕರ್ ನೋಡಿದ. ಬಾಗಿಲಲ್ಲೇ ನಿಂತು ಅಂದ, "ಬರೋ ವಾರದ ಶನಿವಾರ. ಹುಡುಗನ ಕಡೆಯವ್ರು ಒಪ್ಪಿದಾರೆ." ಆಮೇಲೆ, "ಡಿಸೆಂಬರಲ್ಲಿ ನೆಂಟ್ರಿಗೆ ಪುರಸೊತ್ತಿಲ್ವಂತೆ" ಅಂತ ಸೇರಿಸಿದ. ಪಾಪ. ಸುಳ್ಳು ಹೇಳಲು ಅವನಿಗೆ ಯಾವತ್ತೂ ಬಂದಿಲ್ಲ.

ಸೆಪ್ಟೆಂಬರ್ 25

ಬೆನ್ನು ಉರಿಯುತ್ತಿದೆ. ದಿನವೂ ಸ್ವಲ್ಪ ಹೊತ್ತು ಕೂತು ಅಭ್ಯಾಸ ಮಾಡುತ್ತಿದ್ದೇನೆ, ಪರೀಕ್ಷೆಗೆ ಓದುವವರ ಹಾಗೆ. ನಬ್ಬೋಸ ಕಿವಿಯಲ್ಲಿ ಹೇಳಿದಳು, "ಲುಬೋವನ್ನ ಮುಂದಿನ ಸಾಲಿನ ತುದೀಲಿ ಕೂರಿಸ್ತೀನಿ. ನಿಮಗೆ ಸುಲಭ."

"ಕಾಲು ಹೋಗಿದೆ, ಕಣ್ಣು ಹೋಗಿಲ್ಲ. ಎಲ್ಲಿ ಬೇಕಾದ್ರೂ ಬಚ್ಚಿಡು."

ಹೇಳಿದ್ದೇನೋ ಹೇಳಿದೆ. ಅಲ್ಲಿಯವರೆಗೆ ಕುರ್ಚಿ ಹೋಗಬೇಕಲ್ಲ.

ಸೆಪ್ಟೆಂಬರ್ 28, ಬೆಳಿಗ್ಗೆ

ರಾತ್ರಿಯೆಲ್ಲಾ ಮಳೆ. ನಮ್ಮ ಹೆಂಗಸರ ಹಬ್ಬದ ಉಡುಗೆ ಗೊಮೆಸಿ ಉಡಿಸಿದರು. ಅದರ ಭುಜ ಚೂಪಾಗಿ ನಿಂತಿದೆ, ನಾನು ನಿಲ್ಲದಿದ್ದರೂ. ಮಂಪರು ಬರುತ್ತದೆ ಅಂತ ಔಷಧಿ ಬಿಡಲು ಹೋದೆ. ಅಪಿಯೋ ಗದರಿದಳು, ಕುಡಿದೆ. ಹೊರಡುತ್ತಿದ್ದೇವೆ—

ಸೆಪ್ಟೆಂಬರ್ 29

ನಿನ್ನೆಯದನ್ನು ಬರೆದಿಡಬೇಕು. ಶಾಮಿಯಾನದ ನಡುವೆ ಗಾಲಿ ಹುಲ್ಲಿನೊಳಗೆ ಹೂತುಹೋಯಿತು. ತಳ್ಳಿದರು. ಇನ್ನೂ ಆಳಕ್ಕೆ ಹೋಯಿತು. ಹಾಡುವವರೆಲ್ಲ ಸುಮ್ಮನಾದರು. ಬೆನ್ನಲ್ಲಿ ಬೆಂಕಿ. ಅಣ್ಣ ನಕಿಂಟು ಕಡೆ ನೋಡಿದ. ಅವಳು ಸೊಂಟದ ಪಟ್ಟಿ ಬಿಗಿ ಮಾಡಿಕೊಂಡು ಎದ್ದೂ ಆಗಿತ್ತು. ಮುಗಿಯಿತು ಅಂದುಕೊಂಡೆ. ಇಷ್ಟು ದೂರ ಬಂದು.

ಆಗ ಗಂಡಿನ ಕಡೆಯವರ ಪರವಾಗಿ ಮಾತಾಡುವ ಮುದುಕ ಎದ್ದ. "ಅತ್ತೆ ಬರೋಕಾಗ್ದಿದ್ರೆ ನಾವೇ ಹೋಗೋಣ. ಏಳ್ರಪ್ಪ."

ಅಷ್ಟೂ ಬಿಳಿ ನಿಲುವಂಗಿಗಳು ಎದ್ದವು. ಒಬ್ಬರ ಹಿಂದೆ ಒಬ್ಬರು ಕೆಸರಲ್ಲಿ ನನ್ನ ಕುರ್ಚಿ ಮುಂದೆ ಹಾದುಹೋದರು. ಲುಬೋವ ಬಂದ, ಕಣ್ಣು ನೆಲದಲ್ಲಿ, ಕುತ್ತಿಗೆಯೆಲ್ಲಾ ಬೆವರು. ಕಂಡೆ. ಬಿಟ್ಟೆ.

"ಇವರಲ್ಲಿ ಒಬ್ರೂ ಸರಿಯಿಲ್ಲ" ಅಂದೆ. "ಇನ್ನೊಂದು ಸುತ್ತು ಬನ್ನಿ."

ಜನ ಬಿದ್ದು ಬಿದ್ದು ನಕ್ಕರು. ಎರಡನೇ ಸಲವೂ ಬಿಟ್ಟೆ. ಮೂರನೇ ಸಲ ಅವನ ತೋಳು ಹಿಡಿದೆ. ಅಣ್ಣ ಎಲ್ಲರೆದುರು ಅತ್ತ.

ಅಕ್ಟೋಬರ್ 6

ನಬ್ಬೋಸ ಬಂದಿದ್ದಾಳೆ. ಹಾಸಿಗೆ ಪಕ್ಕ ಮಂಡಿಯೂರಿದಳು.

"ಮೊದಲ್ನೇ ಸುತ್ತಲ್ಲೇ ಗೊತ್ತಾಗಿತ್ತಲ್ವಾ ಸೆಂಗಾ?"

"ಹೂಂ."

"ಮತ್ತೆ ಯಾಕೆ ಬಿಟ್ರಿ?"

"ಹಿಡಿದ್ರೆ ನೀನು ಹೊರಟುಹೋಗ್ತೀಯಲ್ಲ."

ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟಳು. ತೊಡೆಗೆ ಏನೂ ಗೊತ್ತಾಗಲಿಲ್ಲ, ಕಣ್ಣಿಂದ ನೋಡಿ ತಿಳಿದುಕೊಂಡೆ. ಅವಳಿಗೆ ಹೇಳಲಿಲ್ಲ. ಹಾಗೇ ನಿದ್ದೆ ಹೋಗಿದ್ದಾಳೆ. ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ಕೈ ಅವಳ ತಲೆ ಮೇಲಿದೆ, ಅದಕ್ಕೆ ಎಲ್ಲಾ ಗೊತ್ತಾಗುತ್ತಿದೆ, ಬೆಚ್ಚಗೆ, ಉಸಿರಾಡುವಾಗ ಸ್ವಲ್ಪ—