ಸಮುದ್ರವನ್ನು ಬಿಡುಗಡೆ ಮಾಡಿದ ಕಚೇರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಕಳೆದ ಮಂಗಳವಾರ ನಿಮ್ಮ ಸಿಬ್ಬಂದಿ ನಮ್ಮ ಸೆರೆಮನೆಯಿಂದ ಸಮುದ್ರವನ್ನು ಬಿಟ್ಟುಬಿಟ್ಟಿದ್ದಾರೆ. ಜಾಮೀನಿಲ್ಲ, ವಿಚಾರಣೆಯಿಲ್ಲ, ಬೋಗುಣಿ ಎತ್ತಿದರು, ಚರಂಡಿಗೆ ಸುರಿದರು. ಇದಕ್ಕೆ ನಿಮ್ಮ ಭಾಷೆಯಲ್ಲಿ ಡೆಂಗಿ ನಿರ್ಮೂಲನೆ ಎನ್ನುತ್ತಾರಂತೆ.

ನಗಬೇಡಿ. ಚಂಡಮಾರುತದ ದಿನ ಸಮಾರ್ ದ್ವೀಪದ ನಮ್ಮ ಬೀದಿಗೆ ನುಗ್ಗಿದ ಸಮುದ್ರ, ಪುಟ್ಟ ಲಿಗಾಯಾಳ ಕಣ್ಣೆದುರೇ ಅವಳ ಅಜ್ಜಿಯನ್ನು ಒಯ್ದಿತು. ಅಂದಿನಿಂದ ಮಗು ಮಲಗುವುದು ನಮ್ಮ ಆಶ್ರಯ ಕೇಂದ್ರದ ಬೀರುವಿನ ಮೇಲೆ. ಇಂಥ ಮಕ್ಕಳು ಆಟದ ಮೂಲಕ ಚೇತರಿಸಿಕೊಳ್ಳುವಂತೆ ಮಾಡುವುದು ನನ್ನ ಕೆಲಸ; ಅವರಿಗೆ ನಾನು ತೀತಾ, ಅಂದರೆ ಚಿಕ್ಕಮ್ಮ. "ಏನಾಯ್ತು ಹೇಳಮ್ಮ" ಎಂದರೆ ಯಾವ ಮಗು ಬಾಯಿಬಿಡುತ್ತದೆ? ಅದಕ್ಕೇ ಬಟ್ಟೆ ಒಗೆಯುವ ಬೋಗುಣಿಯಲ್ಲಿ ಸಮುದ್ರದ ನೀರು ತಂದಿಟ್ಟು, "ಏನು ಬೇಕಾದ್ರೂ ಮಾಡ್ರೋ" ಎಂದೆ. ಮಕ್ಕಳು ಅದನ್ನು ಬಂಧಿಸಿ, ದಿನಾ ರಬ್ಬರ್ ಚಪ್ಪಲಿಯ ಏಟು ಎಂದು ತೀರ್ಪಿತ್ತರು. ನಮ್ಮಲ್ಲಿ ಅಮ್ಮನ ಚಪ್ಪಲಿಗಿಂತ ದೊಡ್ಡ ನ್ಯಾಯಾಲಯವಿಲ್ಲವೆಂಬುದು ತಮ್ಮ ಬೆನ್ನಿಗೂ ಗೊತ್ತಿರಬೇಕು.

ಲಿಗಾಯಾಳ ಏಟೇ ಎಲ್ಲಕ್ಕಿಂತ ಜೋರು. ಒಂದು ದಿನ ಹೊಡೆದು ಸುಸ್ತಾದವಳು ತನ್ನ ಬನ್ನು ಮುರಿದು ನೀರಿಗೆ ಹಾಕಿದಳು. "ತಿನ್ನು. ಎಷ್ಟೇ ಸಿಟ್ಟಿದ್ರೂ ಊಟಕ್ಕೆ ಕರೀಬೇಕಂತೆ, ಅಜ್ಜಿ ಹೇಳ್ತಿದ್ರು." ಅಂದೇ ಬೀರುವಿನಿಂದ ಇಳಿದು ಚಾಪೆಯಲ್ಲಿ ಮಲಗಿದಳು. "ಅದು ಒಳಗಿದೆಯಲ್ಲ ತೀತಾ, ಇನ್ನೇನು ಭಯ?" ನಾನು ಅತ್ತುಬಿಟ್ಟೆ.

ಆಮೇಲೆ ನಿಮ್ಮವರು ಬಂದರು.

"ಅಕ್ಕಾ, ನಿಂತ ನೀರು. ಸೊಳ್ಳೆ ಆಗುತ್ತೆ."

"ನೀರಲ್ಲಪ್ಪಾ, ಕೈದಿ!"

"ಕೈದಿ ಆದ್ರೂ ಮುಚ್ಚಳ ಬೇಕಲ್ವಾ?"

ನಿಮ್ಮ ಕಚೇರಿಯೆದುರಿನ ಗುಂಡಿಯಲ್ಲಿ ಸೊಳ್ಳೆಗಳು ಮೊಮ್ಮಕ್ಕಳ ನಾಮಕರಣ ಮಾಡುತ್ತಿವೆ. ಅದು ಕಾಣದ ಕಣ್ಣಿಗೆ ಉಪ್ಪುನೀರಿನ ಬೋಗುಣಿಯೇ ಕಾಣಬೇಕಿತ್ತೇ?

ಲಿಗಾಯಾ ಮತ್ತೆ ಬೀರು ಹತ್ತಿದ್ದಾಳೆ. ನಾನು ಹೊಸ ನೀರು ತಂದೆ. ಇಣುಕಿ ನೋಡಿ ತಲೆಯಾಡಿಸಿದಳು. "ಇದು ಅದಲ್ಲ ತೀತಾ. ಪಾಪ, ಇದೇನೂ ಮಾಡಿಲ್ಲ. ಬಿಟ್ಟೋರೇ ಹಿಡ್ಕೊಂಡು ಬರ್ಲಿ, ಅವ್ರಿಗೆ ಅದರ ಮುಖ ಗೊತ್ತು." ಮತ್ತೆ ಬೀರು ಹತ್ತುತ್ತಾ ಕೇಳಿದಳು: "ಅವ್ರ ಮನೇಲಿ ಯಾರನ್ನೂ ಅದು ತಗೊಂಡು ಹೋಗಿಲ್ವಾ?" ಇದಕ್ಕೆ ತಾವೇ ಉತ್ತರ ಹೇಳಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಸುತ್ತೋಲೆ ಬೇಡ, ವಿಷಾದಪತ್ರ ಬೇಡ. ತಾವೇ ಬಕೆಟ್ ಹಿಡಿದು ದಡಕ್ಕಿಳಿದು, ತಪ್ಪಿಸಿಕೊಂಡ ಕೈದಿಯನ್ನು ಹಿಡಿದು ತನ್ನಿ. ಮುಚ್ಚಳವನ್ನೂ ತನ್ನಿ. ಬೀರುವಿನ ಕೆಳಗೆ ನಿಂತು, "ಸಿಕ್ತು ಮಗಳೇ, ಬಿಟ್ಟಿದ್ದು ನಮ್ಮ ತಪ್ಪು" ಎನ್ನಿ. ಅವಳು ಮೊದಲು ಚಪ್ಪಲಿ ಎತ್ತಬಹುದು, ಆಮೇಲೆ ಬನ್ನು ಕೊಡುತ್ತಾಳೆ. ದಯವಿಟ್ಟು ಎರಡನ್ನೂ ತೆಗೆದುಕೊಳ್ಳಿ.

ಇಂತಿ,
ಕೈದಿ ಕಳೆದುಕೊಂಡ ಜೈಲರಮ್ಮ,
ಮಕ್ಕಳ ಬಾಯಲ್ಲಿ ತೀತಾ ತಾಸ್ಯಾ