ಜಡೆಪ್ಪನ ನಾಟಕಕ್ಕೆ ನಕ್ಕವರು

ಹೊಸಪೇಟೆ
18-2-2024

ಪ್ರೀತಿಯ ಸುಮಲತಾ,

ಹೆಂಗಿದ್ದಿ? ಕಂಪ್ಲಿಯಲ್ಲಿ ಅವ್ವನ ಮಂಡಿನೋವು ಕಡಿಮೆ ಆಯ್ತಾ? ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಬರೆಯಲು ಕೂತಾಗೆಲ್ಲ ಹಾಳೆ ಹರಿದು ಹಾಕುತ್ತಿದ್ದೆ. ಬೈಬ್ಯಾಡ.

ಅವ್ವನನ್ನು ಬಿಟ್ಟು ನೀನು ಸಂಡೂರಿನ ನಾಟಕ ಸ್ಪರ್ಧೆಗೆ ಬರಲಾಗಲಿಲ್ಲ. ಗಲಾಟೆ ಸುದ್ದಿ ಪೇಪರಿನಲ್ಲಿ ಓದಿದ್ದೀಯ. ಆದರೂ "ನೀನು ಜಡ್ಜ್ ಆಗಿದ್ದಿ, ನನ್ನ ನಾಟಕ ಗೆದ್ದಿತೋ ಸೋತಿತೋ ನೇರ ಹೇಳು" ಅಂತ ಕೇಳಿದ್ದೀಯ.

ಮೊದಲರ್ಧ ಭಾಳ ಚೆಂದ ಬಂತು. ಎಂಎಲ್‌ಎ ಪಾತ್ರದ ಜಡೆಪ್ಪ, ಅದೇ ಯಶವಂತನಗರದ ಲಾರಿ ಡ್ರೈವರ್, "ಗಣಿ ಧೂಳು, ಗಣಿ ಧೂಳು ಅಂತೀರಲ್ಲ, ಮನೆಗೊಂದು ಕಸಬರಿಗಿ ಕೊಡ್ತೀನಿ, ನನಗ ಓಟ್ ಹಾಕ್ರಿ!" ಅಂದಾಗ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಜಡ್ಜ್ ಮೂಕಪ್ಪ ಮೇಷ್ಟ್ರು ಮಾತ್ರ, "ಬರೀ ಬೈಗುಳ. ಇದ್ರಾಗ ನಾಟಕ ಎಲ್ಲೈತ್ರಿ?" ಅಂದರು.

ಆಗಲೇ ನಾಲ್ವರು ದೊಣ್ಣೆ ಹಿಡಿದು ವೇದಿಕೆ ಹತ್ತಿದರು. ಮೊದಲ ಏಟು ದವಡೆಗೆ ಬಿತ್ತು. ಜಡೆಪ್ಪ ಉರುಳಿದ. ಇದೂ ನಾಟಕವೇ ಅಂದುಕೊಂಡು ಮಂದಿ ಸೀಟಿ ಹೊಡೆದರು. "ಬ್ಯಾಡ್ರೋ, ಮಕ್ಕಳದಾವು ನನಗ" ಅಂತ ಕೂಗಿದ. ಇನ್ನೂ ಜೋರಾಗಿ ನಕ್ಕರು. ನಾನೂ ನಕ್ಕೆ ಸುಮಾ. ನಗುತ್ತಲೇ ಅಭಿನಯಕ್ಕೆ ಹತ್ತಕ್ಕೆ ಒಂಬತ್ತು ಬರೆದೆ. ರಕ್ತದ ಜೊತೆ ಅವನ ಹಲ್ಲೊಂದು ಮುಂದಿನ ಸಾಲಿನ ಹೆಂಗಸಿನ ಮಡಿಲಿಗೆ ಬಿದ್ದು, ಅವಳು ಚೀರಿದಾಗಲೇ ಎಲ್ಲರಿಗೂ ತಿಳಿದದ್ದು. ಅಷ್ಟರಲ್ಲಿ ಅವನ ಕಿವಿಯ ಮೇಲೆ ಬೂಟುಗಾಲು ಹಾಕಿ ತುಳಿಯುತ್ತಿದ್ದರು.

ಸ್ಪರ್ಧೆ ರದ್ದಾಯಿತು. ನಿನ್ನ ಕೊನೆಯ ದೃಶ್ಯ ಯಾರೂ ನೋಡಲಿಲ್ಲ.

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ದವಡೆಗೆ ತಂತಿ ಕಟ್ಟಿದ್ದಾರೆ. ಒಂದು ಕಿವಿ ಕೇಳಿಸುವುದಿಲ್ಲ. ಹೆಂಡತಿ ಊರಮ್ಮ, "ಇನ್ನೊಮ್ಮಿ ಬಣ್ಣ ಹಚ್ಚಿದ್ರ ನಾನ ಹೊಡಿತೀನಿ" ಅಂತ ಅಳುತ್ತಿದ್ದಳು. ಅವನು ಸನ್ನೆ ಮಾಡಿ ಹಾಳೆ ತರಿಸಿಕೊಂಡು ಬರೆದ: "ಕಸಬರಿಗಿ ಮಾತಿಗೆ ನಕ್ಕರಾ ಮೇಡಂ?"

ಹೂಂ ಅಂತ ತಲೆಯಾಡಿಸಿದೆ. ಕಣ್ಣಲ್ಲೇ ನಕ್ಕ.

ನಿನ್ನ ನಾಟಕ ಗೆದ್ದಿದೆ ಸುಮಾ. ಗೆಲ್ಲದಿದ್ದರೆ ಎಂಎಲ್‌ಎ ಕಡೆಯವರು ದೊಣ್ಣೆ ತರುತ್ತಿರಲಿಲ್ಲ. ಬರೆಯುವುದು ಬಿಡಬ್ಯಾಡ. ನೀನೂ ಅವ್ವನೂ ತಣ್ಣಗಿರ್ರಿ.

ನಿನ್ನ
ಸುಧಾರಾಣಿ

ತಾ.ಕ.: ಹೊಡೆದವರು ಮುಖಕ್ಕೆ ಬಟ್ಟೆ ಕಟ್ಟಿದ್ದರು. ವೇದಿಕೆಯಿಂದ ಧುಮುಕುವಾಗ ಒಬ್ಬನದು ಕಳಚಿತು. ನನ್ನ ತಮ್ಮ ಕನಕರಾಜ. ಮೊದಲ ಏಟು ಹಾಕಿದವನು ಅವನೇ. "ಯಾರ ಮುಖವೂ ಕಾಣಲಿಲ್ಲ" ಅಂತ ಪೊಲೀಸರಿಗೆ ಸಹಿ ಹಾಕಿಕೊಟ್ಟಿದ್ದೇನೆ. ಈಗ ಒಳಗೆ ಊಟ ಮಾಡುತ್ತಿದ್ದಾನೆ. ಬಡಿಸಿದವಳು ನಾನೇ.